ಕಣಜಕ್ಕೆ ಸೂಡಿ, ಕಚ್ಚಿಸಿಕೊಂಡವನಿಗೆ ಸುಣ್ಣ

ಕಣಜ ಕಚ್ಚಿ ಜನ ಸಾಯುವಾಗ ಅದರ ಗೂಡನ್ನು ಏನು ಮಾಡಬೇಕೆಂಬ ಚರ್ಚೆ ಈಗ ಪರಿಹಾರದ ಮೊತ್ತಕ್ಕೆ ಬಂದು ನಿಂತಿದೆ. ಕೇರಳವು 2024ರ ಮಾರ್ಚ್‌ನಲ್ಲಿ ಮಾನವ–ವನ್ಯಜೀವಿ ಸಂಘರ್ಷವನ್ನು ರಾಜ್ಯದ ವಿಪತ್ತೆಂದು ಘೋಷಿಸಿತು. ಕಣಜ, ಜೇನು ಕಚ್ಚಿ ಸತ್ತವರ ಮನೆಯವರಿಗೂ ಅಲ್ಲಿ ಪರಿಹಾರ ಉಂಟು. ಇಲ್ಲೇಕಿಲ್ಲ ಎಂದು ಘಟ್ಟದ ಮೇಲೂ ಕೆಳಗೂ ಕೇಳುವವರಿದ್ದಾರೆ. ಕೊಡಲಿ, ಬೇಡವೆಂದವರಾರು? ಆದರೆ ಅದು ಸತ್ತ ಮೇಲಿನ ಮಾತು. ಸಾಯದಂತೆ ತಡೆಯುವ ಮದ್ದು ಹೊಸದೇನಲ್ಲ, ದುಬಾರಿಯೂ ಅಲ್ಲ. ಒಂದು ಆ್ಯಂಪೂಲಿನ ಬೆಲೆ ಒಂದು ಪ್ಲೇಟ್ ಇಡ್ಲಿಯ ಆಸುಪಾಸು. ಅದು ತೋಟದ ತನಕ ಬರುತ್ತಿಲ್ಲ, ಅಷ್ಟೇ.

ಈ ಚರ್ಚೆಯಲ್ಲಿ ಯಾರೂ ಎತ್ತದ ಸಂಖ್ಯೆಯೊಂದಿದೆ: 15.

ಅನಾಫಿಲಾಕ್ಸಿಸ್, ಅಂದರೆ ಮೈಯೆಲ್ಲ ಒಮ್ಮೆಲೇ ತಿರುಗಿಬೀಳುವ ಅಲರ್ಜಿಯ ಆಘಾತದಿಂದ ಬ್ರಿಟನ್ನಿನಲ್ಲಿ ಸತ್ತವರ ದಾಖಲೆಗಳನ್ನು ವೈದ್ಯ ರಿಚರ್ಡ್ ಪಂಫ್ರಿ ಒಟ್ಟುಹಾಕಿ 2000ದಲ್ಲಿ ಪ್ರಕಟಿಸಿದರು. ತಿಂದದ್ದು ಆಗದೆ ಸತ್ತವರಲ್ಲಿ ಉಸಿರೋ ಹೃದಯವೋ ನಿಲ್ಲಲು ಹಿಡಿದ ಮಧ್ಯಾಂಕ ಸಮಯ 30 ನಿಮಿಷ. ಹುಳು ಕಚ್ಚಿ ಸತ್ತವರಲ್ಲಿ 15. ಅವರಲ್ಲಿ ಅರ್ಧದಷ್ಟು ಮಂದಿಗೆ ಕಾಲು ಗಂಟೆಯೂ ಪೂರ್ತಿ ದಕ್ಕಿರಲಿಲ್ಲ.

ಈ ಕಾಲು ಗಂಟೆಯನ್ನು ಶಿರಸಿ ಸೀಮೆಯ ಯಾವುದಾದರೊಂದು ಅಡಿಕೆ ತೋಟಕ್ಕೆ ತಂದು ನೋಡಬೇಕು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿದ್ದಾನೆ. ಕಚ್ಚಿದ್ದು ಎರಡೇ ಕಣಜ. ಇಳಿದು ಬಂದವನು ಮೊದಲು ಅಂಗೈ ತುರಿಸಿಕೊಳ್ಳುತ್ತಾನೆ. ಆಮೇಲೆ ಎದೆಯ ಮೇಲೆ ದದ್ದು. ತುಟಿ ದಪ್ಪಗಾಗುತ್ತದೆ, ದನಿ ಕಟ್ಟುತ್ತದೆ. ‘ಎಂತದೂ ಆಗ್ಲಿಲ್ಲ ಹೆಗಡೇರೆ, ಸ್ವಲ್ಪ ತಲೆ ಸುತ್ತು’ ಎನ್ನುತ್ತಾನೆ. ಒಬ್ಬರು ಸುಣ್ಣ ಹಚ್ಚುತ್ತಾರೆ, ಇನ್ನೊಬ್ಬರು ಈರುಳ್ಳಿ ಉಜ್ಜುತ್ತಾರೆ, ಮನೆಯೊಳಗಿಂದ ಅವಿಲ್ ಮಾತ್ರೆ ಬರುತ್ತದೆ. ರಿಕ್ಷಾಕ್ಕೆ ಫೋನು ಮಾಡಬೇಕೆಂದರೆ ತೋಟದ ತಗ್ಗಿನಲ್ಲಿ ಸಿಗ್ನಲ್ ಇಲ್ಲ. ಇಬ್ಬರು ತೋಳು ಹಿಡಿದು, ಸಂಕ ದಾಟಿಸಿ, ದರೆ ಹತ್ತಿಸಿ ರಸ್ತೆಗೆ ಕರೆತರುತ್ತಾರೆ. ರಿಕ್ಷಾ ಬಂದರೂ ಆಸ್ಪತ್ರೆ ಇನ್ನೂ ಅಷ್ಟು ದೂರ. ಪಂಫ್ರಿಯವರ ಗಡಿಯಾರ ಆಗಲೇ ನಿಂತಿರುತ್ತದೆ.

ಇದರಲ್ಲಿ ಹೆಚ್ಚಿನದು ನಿರುಪಯೋಗಿ, ಒಂದು ಅಪಾಯಕಾರಿ. ಅವಿಲ್ ತುರಿಕೆ ಇಳಿಸೀತು, ಕುಸಿದ ರಕ್ತದೊತ್ತಡವನ್ನು ಎತ್ತಲಾರದು. ತಲೆ ಸುತ್ತುವವನನ್ನು ಎಬ್ಬಿಸಿ ನಡೆಸುವುದಂತೂ ಕೂಡದು: ಮಲಗಿದ್ದವರು ಎದ್ದು ಕೂತ ಕೂಡಲೇ ಪ್ರಾಣ ಬಿಟ್ಟ ಪ್ರಕರಣಗಳನ್ನು ಅದೇ ಪಂಫ್ರಿ 2003ರಲ್ಲಿ ವರದಿ ಮಾಡಿದ್ದಾರೆ. ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಟಕ್ಕೇ ಕಷ್ಟವಾದರೆ ಮಾತ್ರ ಕಾಲು ಚಾಚಿ ಕೂರಿಸಬೇಕು. ಮದ್ದು ಒಂದೇ, ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ.

ಡಾಕ್ಟರಿಲ್ಲದೆ ಅಡ್ರಿನಲಿನ್ ಹೇಗೆ ಕೊಡುವುದು ಎಂಬ ಆಕ್ಷೇಪ ತಕ್ಷಣ ಬರುತ್ತದೆ. ಉತ್ತರ ಸರ್ಕಾರದ ಕಡತದಲ್ಲೇ ಇದೆ. ಲಸಿಕೆ ಹಾಕಿದ ಮೇಲೆ ಮಗುವಿಗೆ ಇಂಥದೇ ಆಘಾತವಾದರೆ ವಯಸ್ಸಿಗೆ ತಕ್ಕ ಒಂದು ಡೋಸ್ ಅಡ್ರಿನಲಿನ್ ಕೊಟ್ಟು ಆಸ್ಪತ್ರೆಗೆ ಸಾಗಿಸಲು ಕೇಂದ್ರ ಆರೋಗ್ಯ ಸಚಿವಾಲಯ ಎಎನ್‌ಎಂಗಳಿಗೆ, ಅಂದರೆ ಊರಿನ ಆರೋಗ್ಯ ಸಹಾಯಕಿಯರಿಗೆ, ಅನುಮತಿ ಕೊಟ್ಟಿದೆ. ಅದಕ್ಕೆಂದೇ ಕಿಟ್ ಇದೆ, ತರಬೇತಿ ಇದೆ. ಕೋವಿಡ್ ಲಸಿಕೆ ಹಾಕಿಸಿಕೊಂಡವರನ್ನು ಅರ್ಧ ಗಂಟೆ ಕುರ್ಚಿಯಲ್ಲಿ ಕೂರಿಸಿದ್ದು ಇದೇ ಭಯಕ್ಕೆ. ಅಂದರೆ ಅಂಗನವಾಡಿಯಲ್ಲಿ ಲಸಿಕೆ ನಡೆಯುವ ದಿನ ಊರಿಗೆ ಅಡ್ರಿನಲಿನ್ ಬರುತ್ತದೆ, ಸಂಜೆ ವಾಪಸು ಹೋಗುತ್ತದೆ. ಅದೇ ಸಿಸ್ಟರ್, ಅದೇ ಸಿರಿಂಜು, ಅದೇ ಆಘಾತ. ಕಾರಣ ಲಸಿಕೆಯಾದರೆ ಒಂದು ನಿಯಮ, ಕಣಜವಾದರೆ ಇನ್ನೊಂದು! ಆ ಅನುಮತಿಯ ಆದೇಶಕ್ಕೆ ‘ಹುಳು ಕಚ್ಚಿದಾಗ’ ಎಂದು ಸೇರಿಸಲು ಯಾವ ವಿಪತ್ತು ಘೋಷಣೆಯೂ ಬೇಕಿಲ್ಲ. ಜಪಾನ್ ಇನ್ನೂ ಮುಂದೆ ಹೋಗಿದೆ. ರೋಗಿ ತಾನೇ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನಿಗೆ 2003ರಲ್ಲಿ ಅಲ್ಲಿ ಅನುಮತಿ ಸಿಕ್ಕಿದ್ದು ಹುಳು ಕಡಿತದ ಕಾರಣಕ್ಕೆ. ಆಹಾರ, ಔಷಧಗಳ ಅಲರ್ಜಿ ಆ ಪಟ್ಟಿಗೆ ಸೇರಿದ್ದು 2005ರಲ್ಲಿ.

ಗೂಡು ಹುಡುಕಿ ನಿರ್ನಾಮ ಮಾಡಿ ಎನ್ನುವವರು ಅಮೆರಿಕವನ್ನು ತೋರಿಸುತ್ತಾರೆ. ವಾಷಿಂಗ್ಟನ್ ರಾಜ್ಯದಲ್ಲಿ 2019ರಲ್ಲಿ ಕಾಣಿಸಿಕೊಂಡ ದೈತ್ಯ ಕಣಜವನ್ನು 2024ರ ಡಿಸೆಂಬರ್‌ನಲ್ಲಿ ನಿರ್ಮೂಲವೆಂದು ಘೋಷಿಸಿದ್ದು ನಿಜ. ಅಲ್ಲಿ ನಾಶ ಮಾಡಿದ ಗೂಡುಗಳು ಒಟ್ಟು ನಾಲ್ಕು, ಹುಳು ಹೊರದೇಶದ್ದು. ನಮ್ಮ ಕಣಜ ಇಲ್ಲಿಯದೇ. ತುಳುವರು ಹುಲಿಯ ಹೆಸರು ಸೇರಿಸಿ ಪಿಲಿಕುಡೋಲು ಎನ್ನುವಷ್ಟು ಹಳೆಯ ಪರಿಚಯ. ಈ ವರ್ಷ ಸುಟ್ಟರೆ ಮುಂದಿನ ವರ್ಷ ಬೇರೊಂದು ರಾಣಿ, ಬೇರೊಂದು ಕೊಂಬೆ. ಸೊಪ್ಪಿನ ಬೆಟ್ಟದ ಪೊದೆಗಳನ್ನೆಲ್ಲ ಸೂಡಿ ಹಿಡಿದು ಜಾಲಾಡಲಾಗುತ್ತದೆಯೇ? ಒಣಗಿದ ಸೋಗೆ, ಹಾಳೆಯ ನಡುವೆ ಸೀಮೆಎಣ್ಣೆಯ ಬೆಂಕಿ ಗೂಡಿಗಷ್ಟೇ ತಾಗುವುದೂ ಇಲ್ಲ.

ಸುಡುವವರು ಎಷ್ಟೋ ಸಲ ಸುಡಬೇಕಿಲ್ಲದ್ದನ್ನು ಸುಡುತ್ತಾರೆ. ಸೂರಿನಡಿ ಸಣ್ಣ ತೊಟ್ಟಿನಿಂದ ನೇತಾಡುವ, ಕಣ್ಣುಕಣ್ಣಿನ ಬರಿಯ ಹುಟ್ಟು ಕಾಣುವ ಗೂಡು ಕಾಗದದ ಕಣಜದ್ದು. ಅದರಲ್ಲಿರುವುದು ಸಾಮಾನ್ಯವಾಗಿ ಕೆಲವು ಡಜನ್ ಹುಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಕೂತು ನೋಡಿದ್ದು ಇಂಥದ್ದನ್ನೇ, ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು. ಮರಿಗಳಿಗೆ ಅದು ತಂದುಣಿಸುವುದು ಹುಳುಹುಪ್ಪಟೆಯನ್ನು. ಹೆದರಬೇಕಾದ್ದು ಬೂದುಗಂದು ಕಾಗದದ ಹೊದಿಕೆ ಹೊದ್ದ, ಒಳಗಿನ ಹುಟ್ಟು ಕಾಣದ, ಮಡಕೆಯಂಥ ಗೂಡಿಗೆ. ಮೈ ಕಪ್ಪು, ಹೊಟ್ಟೆಯ ಬುಡಕ್ಕೆ ಕಿತ್ತಳೆ ಪಟ್ಟೆ ಇರುವ ಹುಳು ಅದರದ್ದು. ಅಂಥ ಗೂಡು ಶಾಲೆಯ ದಾರಿಯಲ್ಲೋ ಕೊಟ್ಟಿಗೆಯ ಮಾಡಿನಲ್ಲೋ ಇದ್ದರೆ ತೆಗೆಸಲೇಬೇಕು, ಕತ್ತಲಾದ ಮೇಲೆ, ಮೈಮುಚ್ಚುವ ದಿರಿಸು ಇರುವವರಿಂದ. ಜಪಾನಿನಲ್ಲಿ ಎಷ್ಟೋ ಊರಿನ ಆಡಳಿತಗಳೇ ಈ ದಿರಿಸನ್ನು ಎರವಲು ಕೊಡುತ್ತವೆ. ನಮ್ಮ ಪಂಚಾಯಿತಿಗೂ ಎರಡು ಜೊತೆ ಭಾರವಾಗದು.

15ರ ಲೆಕ್ಕಕ್ಕೆ ಸಿಗದ ಸಾವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಚೀನಾದ ಶಾನ್ಸಿ ಪ್ರಾಂತ್ಯದಲ್ಲಿ 2013ರ ಜುಲೈನಿಂದ ಅಕ್ಟೋಬರ್‌ವರೆಗೆ ಕಣಜ ಕಚ್ಚಿ 42 ಮಂದಿ ಸತ್ತರು, 1,600ಕ್ಕೂ ಹೆಚ್ಚು ಜನ ಗಾಯಗೊಂಡರು. ಹತ್ತಾರು, ನೂರಾರು ಕಡಿತ ಬಿದ್ದಾಗ ಅಲರ್ಜಿಯೇ ಇಲ್ಲದವನನ್ನೂ ವಿಷ ಕೊಲ್ಲುತ್ತದೆ, ಮೂತ್ರಪಿಂಡದ ಮೂಲಕ, ದಿನಗಟ್ಟಲೆ ತೆಗೆದುಕೊಂಡು. ಮೊದಲ ದಿನ ಇಂಜೆಕ್ಷನ್ ಕೊಟ್ಟು, ಚೆನ್ನಾಗಿದ್ದಾನೆಂದು ಮನೆಗೆ ಕಳಿಸಿದವನ ಮೂತ್ರ ಮರುದಿನ ಕಷಾಯದ ಬಣ್ಣಕ್ಕೆ ತಿರುಗಿದರೆ ಡಯಾಲಿಸಿಸ್ ಇರುವ ಆಸ್ಪತ್ರೆಯೇ ಗತಿ. ಮೈತುಂಬ ಕಚ್ಚಿಸಿಕೊಂಡು ಬಂದವನನ್ನು ಎರಡು ಮೂರು ದಿನ ಇರಿಸಿಕೊಂಡು, ಮೂತ್ರದ ಅಳತೆ ಬರೆದು, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯಲ್ಲಾದರೂ ಇರಬೇಕು.