'ಮೇ', 'ಮಸ್ಟ್' ಮೊದಲಾದ ಶಬ್ದಗಳ ವಿಷಯವಾಗಿ ಒಂದೆರಡು ಮಾತುಗಳು

ನಮ್ಮ ಬಾಲಿಕೆಯರು ಇಂಗ್ಲಿಷಿನ ದೊಡ್ಡ ದೊಡ್ಡ ಶಬ್ದಗಳಿಗೆ ಅಂಜುವರು. ಆದರೆ ಅವರನ್ನು ಹೆಚ್ಚಾಗಿ ಎಡವಿಸುವುವು 'ಕ್ಯಾನ್', 'ಮೇ', 'ಮಸ್ಟ್', 'ಶ್ಯಾಲ್', 'ವಿಲ್' ಎಂಬ ಚಿಕ್ಕ ಸಹಾಯಕ್ರಿಯಾಪದಗಳೇ. 'ಮೇ' ಎಂದರೆ ಬಹುದು, 'ಮಸ್ಟ್' ಎಂದರೆ ಬೇಕು ಎಂದು ಒಂದಕ್ಕೊಂದು ಅರ್ಥವನ್ನು ಬಾಯಿಪಾಠ ಮಾಡಿಸುವ ಪದ್ಧತಿಯು ಸಾಲದೆಂಬುದೇ ನನ್ನ ಅಭಿಪ್ರಾಯವು.

ಈ ಶಬ್ದಗಳಲ್ಲಿ ಬಹುತೇಕ ಎಲ್ಲವಕ್ಕೂ ಎರಡು ಮುಖಗಳುಂಟು. ಒಂದು ಅಪ್ಪಣೆ, ಅನುಮತಿ, ಕರ್ತವ್ಯಗಳದು. ಇನ್ನೊಂದು ಮಾತನಾಡುವವರ ಊಹೆಯದು. ಕನ್ನಡವೂ ಹಾಗೆಯೇ ಇದೆ. "ನೀನು ಇನ್ನು ಮನೆಗೆ ಹೋಗಬಹುದು" ಎಂಬಲ್ಲಿ 'ಬಹುದು' ಅನುಮತಿ. "ಸಂಜೆ ಮಳೆ ಬರಬಹುದು" ಎಂಬಲ್ಲಿ ಅದೇ ಊಹೆ. "ದೀಪ ಉರಿಯುತ್ತಿದೆ, ಅವರು ಮನೆಯಲ್ಲಿರಬೇಕು" ಎಂದಾಗ ಯಾರಿಗೂ ಅಪ್ಪಣೆ ಕೊಟ್ಟಂತಾಗಲಿಲ್ಲ. 'ಮಸ್ಟ್' ಶಬ್ದದ ನಡೆಯೂ ಇಂಥದೇ. ಆದುದರಿಂದ ಇಲ್ಲಿ ಮಾತೃಭಾಷೆಯೇ ಒಳ್ಳೆಯ ಉಪಾಧ್ಯಾಯಿನಿಯು.

ಆದರೆ ನಿಷೇಧದಲ್ಲಿ ಎಚ್ಚರಬೇಕು. 'ಮಸ್ಟ್' ಶಬ್ದಕ್ಕೆ 'ನಾಟ್' ಸೇರಿದರೆ 'ಕೂಡದು' ಎಂದಾಗುವುದೇ ಹೊರತು 'ಬೇಕಾಗಿಲ್ಲ' ಎಂದಾಗದು; ಆ ಅರ್ಥಕ್ಕೆ 'ನೀಡ್ ನಾಟ್' ಎಂಬುದುಂಟು. ಔಷಧದ ಸೀಸೆಯ ಮೇಲಿನ 'ಕೂಡದು' ಎಂಬುದನ್ನು ತಾಯಿಯೊಬ್ಬಳು 'ಬೇಕಾಗಿಲ್ಲ' ಎಂದು ತಿಳಿದುಕೊಂಡರೆ, ಕಳೆದುಹೋಗುವುದು ಬರೀ ಪರೀಕ್ಷೆಯ ಅಂಕವಲ್ಲ.

ಇನ್ನು ವಿನಯದ ವಿಷಯ. "ದಯಮಾಡಿ ನನಗೆ ರಜೆಯನ್ನು ಕೊಡಬೇಕು" ಎಂಬುದು ಕನ್ನಡದಲ್ಲಿ ತಲೆಬಾಗಿದ ಬಿನ್ನಹವು. ಇದನ್ನೇ 'ಮಸ್ಟ್' ಹಾಕಿ ಇಂಗ್ಲಿಷಿನಲ್ಲಿ ಬರೆದರೆ ಮೇಲಧಿಕಾರಿಗೆ ಆಜ್ಞೆ ಮಾಡಿದಂತಾಗುವುದು. ಅಲ್ಲಿ 'ಕುಡ್', 'ವುಡ್' ಎಂಬುವು ಸಲ್ಲುವುವು. ಅವು ಭೂತಕಾಲದ ರೂಪಗಳಾದರೂ ಇಲ್ಲಿ ಕಾಲವನ್ನು ಸೂಚಿಸದೆ ನಮ್ರತೆಯನ್ನು ಸೂಚಿಸುವುವು. ಆದರೂ "ನೀವು ನಮ್ಮ ಮನೆಗೆ ಊಟಕ್ಕೆ ಬರಲೇಬೇಕು" ಎಂದು 'ಮಸ್ಟ್' ಹಾಕಿ ಕರೆದರೆ ಇಂಗ್ಲಿಷರಿಗೂ ಸಂತೋಷವೇ. ಏಕೆಂದರೆ ರಜೆಯ ಲಾಭವು ಕೇಳುವವಳದು. ಊಟದ ಲಾಭವು ಅತಿಥಿಯದು.

'ಶ್ಯಾಲ್', 'ವಿಲ್' ಎಂಬುವುಗಳಿಗೆ ಜಾನ್ ವಾಲಿಸ್ ಎಂಬ ಪಂಡಿತನು 1653ರಲ್ಲಿ ತನ್ನ ವ್ಯಾಕರಣದಲ್ಲಿ ಒಂದು ಕಟ್ಟಳೆಯನ್ನು ಬರೆದನು. ಉತ್ತಮಪುರುಷದಲ್ಲಿ 'ಶ್ಯಾಲ್' ಮುಂದಾಗುವುದನ್ನು ತಿಳಿಸುವುದು, 'ವಿಲ್' ಮಾತು ಕೊಡುವುದು. ಮಿಕ್ಕ ಪುರುಷಗಳಲ್ಲಿ ಇದು ತಿರುಗುಮುರುಗಾಗುವುದು. 1611ರ ಇಂಗ್ಲಿಷ್ ಬೈಬಲಿನ ದಶಾಜ್ಞೆಗಳಲ್ಲಿ ಬರುವ 'ಶ್ಯಾಲ್ಟ್' ಭವಿಷ್ಯವಾಣಿಯಲ್ಲ, ಆಜ್ಞೆಯು. ಈಗಿನ ಸಾಮಾನ್ಯ ಸಂಭಾಷಣೆಯಲ್ಲಿ ಈ ಕಟ್ಟಳೆಯು ಬಹಳವಾಗಿ ಸಡಿಲವಾಗಿದೆ. ಆದರೆ ಕಾನೂನುಗಳಲ್ಲಿ 'ಶ್ಯಾಲ್' ಇಂದಿಗೂ ವಿಧಿಯ ಮಾತೇ. ನಮ್ಮ ಕನ್ನಡ ಕಾನೂನುಗಳು ಅದನ್ನು 'ತಕ್ಕದ್ದು' ಎಂದು ಹೇಳುವುವು.

ಹೀಗಿರಲಾಗಿ ಪಟ್ಟಿಯನ್ನು ಕಲಿಸುವುದಕ್ಕಿಂತ ಪ್ರಶ್ನೆಯನ್ನು ಕಲಿಸುವುದು ಮೇಲು. ಈ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ? ಅಪ್ಪಣೆಯೋ, ಊಹೆಯೋ? ಇದರಿಂದ ಪ್ರಯೋಜನವು ಯಾರಿಗೆ? ಪಾಲಕರಿಗೆ ಇಂಗ್ಲಿಷು ಬಾರದಿದ್ದರೂ ಚಿಂತೆಯಿಲ್ಲ. ಮಗಳು ಓದಿದ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ, ಈ ಮೂರನ್ನು ಕೇಳಲಿ. ಪೂರ್ವವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿರುವವರು ತರಗತಿಯಲ್ಲಿಯೂ ಇದನ್ನೇ ಮಾಡಲಿ. ಅಪ್ಪಣೆ ಯಾವುದು, ಅನುಮತಿ ಯಾವುದು, ಬಿನ್ನಹ ಯಾವುದು ಎಂಬುದನ್ನು ವಿವೇಚಿಸಬಲ್ಲ ಹುಡುಗಿಯು ಯಾವ ಕಚೇರಿಯ ಬಾಗಿಲಲ್ಲಿಯೂ ಕುಗ್ಗದೆ, ಯಾರ ಮನಸ್ಸನ್ನೂ ನೋಯಿಸದೆ, ತನ್ನ ಮಾತನ್ನು ತಾನೇ ಆಡಬಲ್ಲಳು.