ಜಗುಲಿಯ ಮಾತು: ಪರದೇಶದಲ್ಲಿ ಇಂಗ್ಲಿಷ್ ಮೇಷ್ಟರ ಬಾಳು

ಕಳೆದ ದ್ವಾದಶಿಯ ಬೆಳಗ್ಗೆ, ಪಾರಣೆಯ ಎಲೆ ಇನ್ನೂ ಹಾಕುವ ಮೊದಲೇ, ನನ್ನ ಹಳೆಯ ಶಿಷ್ಯನೊಬ್ಬನು ಮಗಳನ್ನು ಕರೆದುಕೊಂಡು ನಮ್ಮ ಜಗುಲಿಗೆ ಬಂದನು. “ಮೇಷ್ಟ್ರೇ, ಇವಳಿಗೆ ನೀವಾದರೂ ಬುದ್ಧಿ ಹೇಳಬೇಕು” ಎಂದವನೇ ಕಂಬಕ್ಕೆ ಒರಗಿ ಕುಳಿತನು. ಹುಡುಗಿ ಬಿ.ಎ., ಬಿ.ಎಡ್. ಮುಗಿಸಿ ನಾಲ್ಕು ವರ್ಷಗಳಿಂದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿರುವಳು. ಸಂಬಳ ತಿಂಗಳಿಗೆ 18,000 ರೂಪಾಯಿ. ಈಗ ಜಪಾನಿನ ಶಾಲೆಗಳಿಗೆ ಸಹಾಯಕ ಉಪಾಧ್ಯಾಯರನ್ನು ಒದಗಿಸುವ ಒಂದು ಸಂಸ್ಥೆಯು ಅವಳಿಗೆ 2,20,000 ಯೆನ್ ಮಾಸಿಕ ವೇತನದ ಕರಾರುಪತ್ರವನ್ನು ಕಳುಹಿಸಿದೆ. ನಮ್ಮ ಹಣದಲ್ಲಿ ಅದು ಲಕ್ಷವನ್ನು ಮೀರುತ್ತದೆ.

ತಂದೆಯ ಸಂಕಟವು ವಾಚಕರಿಗೆ ಹೇಳದೆಯೇ ತಿಳಿಯತಕ್ಕದ್ದು. ಮಗಳಿಗೆ ಇಪ್ಪತ್ತಾರು ತುಂಬಿತು, ಮದುವೆಯಾಗಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇರುವಳು, ಈ ಮೊಮ್ಮಗಳ ಕೈಯಿಂದಲ್ಲದೆ ಗಂಜಿ ಕುಡಿಯಳು. ಹುಡುಗಿಯು ನಿಧಾನವಾಗಿ, “ಅಪ್ಪನ ತಲೆಯ ಮೇಲೆ ಮನೆ ಕಟ್ಟಿದ ಸಾಲವಿದೆ. ಇಲ್ಲಿಯೇ ಇದ್ದರೆ ಬಡ್ಡಿ ತೀರುವಷ್ಟರಲ್ಲಿ ನನ್ನ ತಲೆ ನರೆಯುತ್ತದೆ, ಮೇಷ್ಟ್ರೇ” ಎಂದಳು. ಇಬ್ಬರ ಮಾತಿನಲ್ಲಿಯೂ ತಪ್ಪಿರಲಿಲ್ಲ. ನ್ಯಾಯ ಹೇಳುವವನಿಗೆ ಇದಕ್ಕಿಂತ ಕಷ್ಟವಾದ ಪ್ರಸಂಗ ಬೇರೊಂದಿಲ್ಲ.

ನಾನು ಒಡನೆಯೇ ಉತ್ತರ ಕೊಡಲಿಲ್ಲ. ಈ ವಿಷಯದಲ್ಲಿ ನನಗಿರುವ ಜ್ಞಾನವು ಪುಸ್ತಕದ್ದಷ್ಟೇ ಅಲ್ಲ; ನಮ್ಮ ಮನೆಯದು.

ನನ್ನ ಸೋದರಮಾವನು 1967ರಲ್ಲಿ ಇಂಗ್ಲಿಷ್ ಉಪಾಧ್ಯಾಯನಾಗಿ ಇಥಿಯೋಪಿಯಾಕ್ಕೆ ಹೋದನು. ಆ ದಿನಗಳಲ್ಲಿ ಅಲ್ಲಿ ಏಳನೆಯ ತರಗತಿಯಿಂದ ಮೇಲಕ್ಕೆ ಇಂಗ್ಲಿಷಿನಲ್ಲಿಯೇ ಪಾಠಗಳು ನಡೆಯುತ್ತಿದ್ದುವು. ಕಲಿಸುವವರು ಸಾಲದೆ ಹೊರದೇಶಗಳಿಂದ ಕರೆಯಿಸಿಕೊಳ್ಳುತ್ತಿದ್ದರು. 1962ರಿಂದ ಅಮೆರಿಕದ ಶಾಂತಿದಳದ ತರುಣರು ನೂರುಗಟ್ಟಲೆ ಬಂದರು. ಭಾರತದಿಂದಲೂ ಬಹು ಮಂದಿ ಹೋದರು. ಅವರಲ್ಲಿ ಮಲೆಯಾಳದವರೇ ಹೆಚ್ಚು, ನಮ್ಮವರು ಅಲ್ಲೊಬ್ಬ ಇಲ್ಲೊಬ್ಬ. ಅಮೆರಿಕದ ಹುಡುಗರು ಎರಡು ವರ್ಷ ಕಳೆದು ಊರಿಗೆ ಮರಳುವರು. ನಮ್ಮವರು ಸಂಸಾರದ ಭಾರ ಹೊತ್ತು ಹೋದವರಾದುದರಿಂದ ಉಳಿಯುವರು. ನನ್ನ ಮಾವನಿಗೆ ಹರಾರ್ ಎಂಬ ಕೋಟೆಯೂರಿನಲ್ಲಿ ಕೆಲಸವಾಯಿತು. ರಾತ್ರಿಯ ವೇಳೆ ಕತ್ತೆಕಿರುಬಗಳು ಬೀದಿಗೆ ಬರುವ ಊರು ಅದು.

ನನಗೆ ಓದು ಬಂದ ಮೇಲೆ ಅವನ ಕಾಗದಗಳನ್ನು ಅಜ್ಜಿಗೆ ಓದಿ ಹೇಳುವ ಕೆಲಸ ನನ್ನದಾಯಿತು. ಏನೇನು ಸೋಜಿಗಗಳಿದ್ದುವು ಅವುಗಳಲ್ಲಿ! ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಕಲಸಿ, ಕೆಲವು ದಿನ ಹುಳಿಯಲು ಬಿಟ್ಟು, ದೊಡ್ಡ ಮಣ್ಣಿನ ಹಂಚಿನ ಮೇಲೆ ಒಂದೇ ಮಗ್ಗುಲು ಬೇಯಿಸುವರಂತೆ, ಹೆಸರು ಇಂಜೆರ. “ನಮ್ಮ ದೋಸೆಯ ಅಣ್ಣನೆಂದು ತಿಳಿಯಿರಿ, ಹುಳಿ ಮಾತ್ರ ಒಂದು ಕೈ ಮೇಲು” ಎಂದು ಬರೆದಿದ್ದನು. ಅಲ್ಲಿಯ ಕ್ರೈಸ್ತರು ಬುಧವಾರ ಶುಕ್ರವಾರಗಳಲ್ಲಿಯೂ, ಹಬ್ಬಗಳ ಮುಂಚಿನ ದೀರ್ಘವ್ರತಗಳಲ್ಲಿಯೂ ಮಾಂಸವನ್ನೂ ಹಾಲುತುಪ್ಪಗಳನ್ನೂ ಮುಟ್ಟದ ಕಾರಣ, ಆ ದಿನಗಳಲ್ಲಿ ಬೇಳೆಯ ವ್ಯಂಜನಗಳು ಎಲ್ಲೆಲ್ಲಿಯೂ ಸಿಕ್ಕುತ್ತಿದ್ದುವು. ಅಜ್ಜಿಯು ಇದನ್ನು ಕೇಳಿ, “ಹಾಗಾದರೆ ನನ್ನ ಮಗ ಜಾತಿಗೆಡಲಿಲ್ಲ” ಎಂದು ಸಮಾಧಾನಪಟ್ಟುಕೊಂಡಳು.

ಹೊತ್ತಿನ ಲೆಕ್ಕದಲ್ಲಿ ಮಾವನು ಒಮ್ಮೆ ಮೋಸಹೋದನು. ಶನಿವಾರ ಎರಡು ಗಂಟೆಗೆ ಮನೆಗೆ ಬನ್ನಿರೆಂದು ವಿದ್ಯಾರ್ಥಿಗಳಿಗೆ ಹೇಳಿದ್ದನಂತೆ. ಹುಡುಗರು ಬೆಳಗ್ಗೆ ಎಂಟಕ್ಕೆ ಬಂದು ಸಾಲಾಗಿ ನಿಂತರು. ಆ ದೇಶದವರು ಹಗಲಿನ ಗಂಟೆಯನ್ನು ಸೂರ್ಯೋದಯದಿಂದ ಎಣಿಸುವರು; ನಮ್ಮ ಏಳು ಗಂಟೆ ಅವರಿಗೆ ಒಂದು. ಪಂಚಾಂಗದಲ್ಲಿ ಉದಯದಿಂದ ಘಳಿಗೆ ಎಣಿಸುವ ನಾವು ಇದನ್ನು ನೋಡಿ ನಗುವಂತಿಲ್ಲ. ಅವರ ಅಮ್ಹಾರಿಕ್ ಲಿಪಿಯ ವಿಷಯವನ್ನಂತೂ ಮುಂದೆ ನಾನು ಸಂಸ್ಕೃತ ವ್ಯಾಕರಣ ಓದುವಾಗ ಎಷ್ಟೋ ಬಾರಿ ನೆನೆದುಕೊಂಡಿರುವೆನು: ಒಂದೊಂದು ವ್ಯಂಜನಕ್ಕೂ ಸ್ವರಭೇದದಿಂದ ಏಳೇಳು ರೂಪಗಳು, ನಮ್ಮ ಕಾಗುಣಿತದ ಹಾಗೆಯೇ. ಇಂಗ್ಲಿಷ್ ಕಲಿಸಲು ಹೋದ ಕನ್ನಡಿಗನು ಆಫ್ರಿಕದಲ್ಲಿ ಕಾಗುಣಿತವನ್ನು ಕಂಡು ಹಿಗ್ಗಿದನು. ಪರದೇಶವಾಸದ ಲಾಭಗಳನ್ನು ಎಣಿಸುವವರು ಹಣದ ಬಳಿಕ ಇದನ್ನೂ ಎಣಿಸಬೇಕೆಂದು ನನಗೆ ತೋರುತ್ತದೆ.

ಹಣವೂ ಬಂದಿತು. ಅಜ್ಜಿಯ ಕಾಲದ ಮಣ್ಣುಗೋಡೆಯ ಮನೆಗೆ ಹೆಂಚು ಬಂದುದು, ಇಬ್ಬರು ಚಿಕ್ಕಮ್ಮಂದಿರ ಮದುವೆ ನಡೆದುದು, ನನ್ನ ಪಾಠಶಾಲೆಯ ಖರ್ಚು ಸಂದುದು, ಎಲ್ಲವೂ ಆ ಹರಾರಿನ ಸಂಬಳದಿಂದಲೇ. ಅದನ್ನು ಮರೆತು ನಾನು ಪರದೇಶದ ಸಂಪಾದನೆಯನ್ನು ಹಳಿದರೆ ಉಂಡ ಮನೆಗೆ ಎರಡೆಣಿಸಿದಂತಾದೀತು.

ಇನ್ನು ಇನ್ನೊಂದು ಪಕ್ಕದ ಲೆಕ್ಕ. ಮಾವನು ಹೊರಟಾಗ ಅತ್ತೆಗೆ ಇಪ್ಪತ್ತೈದು ವಯಸ್ಸು, ತುಂಬು ಬಸುರಿ. ಅವನ ಮಗನು ತಂದೆಯನ್ನು ಮೊದಲು ನೋಡಿದುದು 1971ರ ರಜೆಯಲ್ಲಿ, ತನ್ನ ನಾಲ್ಕನೆಯ ವಯಸ್ಸಿನಲ್ಲಿ. ಆ ದಿನ ಅವನು ಕದದ ಹಿಂದೆ ಅಡಗಿಕೊಂಡು, ಕರೆದರೂ ಬಾರದೆ, ನಾನು ಕರೆಯುವುದನ್ನು ಕೇಳಿ ತಾನೂ “ಮಾವ” ಎಂದೇ ಕರೆದನು. ಹಿರಿಯರೆಲ್ಲರೂ ನಕ್ಕರು, ಮಾವನು ನಗಲಿಲ್ಲ. ಅಲಂಕಾರಶಾಸ್ತ್ರದಲ್ಲಿ ಪ್ರೋಷಿತಭರ್ತೃಕೆ ಎಂಬ ನಾಯಿಕೆಯ ಲಕ್ಷಣವನ್ನು ಓದಿರುವೆನು, ಕಲಿಸಿಯೂ ಇರುವೆನು. ಆದರೆ ಆಕೆ ಎಂಟು ವರ್ಷ ಕಾಲ ಅತ್ತೆ ನಾದಿನಿಯರ ನಡುವೆ ಒಲೆಯ ಮುಂದೆ ಕುಳಿತಿರುವಳೆಂದು ಯಾವ ಲಕ್ಷಣಗ್ರಂಥದಲ್ಲಿಯೂ ಕಾಣೆನು. ಮೇಘದೂತದ ಯಕ್ಷನಿಗೆ ಒಂದೇ ವರ್ಷದ ಶಾಪವಾಗಿತ್ತು. ಅಷ್ಟಕ್ಕೇ ಅವನು ಮೋಡವನ್ನು ಕರೆದು ಮಾತನಾಡಿಸಿದನು.

ಅಜ್ಜಿ 1973ರಲ್ಲಿ ತೀರಿಕೊಂಡಳು. ತಂತಿ ಮುಟ್ಟಿ, ರಜೆ ದೊರೆತು, ಮುಂಬಯಿಯ ಮಾರ್ಗವಾಗಿ ಮಾವನು ಊರು ಸೇರುವ ವೇಳೆಗೆ ವೈಕುಂಠಸಮಾರಾಧನೆಯೂ ಮುಗಿದಿತ್ತು.

1974ರ ಸೆಪ್ಟೆಂಬರಿನಲ್ಲಿ ಸೈನ್ಯವು ಚಕ್ರವರ್ತಿ ಹೈಲೆ ಸೆಲಾಸಿಯನ್ನು ಪದಚ್ಯುತಗೊಳಿಸಿತು. ಮೇಲಿನ ತರಗತಿಗಳ ವಿದ್ಯಾರ್ಥಿಗಳನ್ನೂ ಅವರೊಂದಿಗೆ ಉಪಾಧ್ಯಾಯರನ್ನೂ ಅಕ್ಷರಪ್ರಚಾರ ಮೊದಲಾದ ಕಾರ್ಯಗಳಿಗೆ ಹಳ್ಳಿಗಳಿಗೆ ಕಳುಹಿಸುವ ಏರ್ಪಾಡು ನಡೆಯಿತು. ಮರುವರ್ಷ ಮಾವನು ಗಂಟುಮೂಟೆ ಕಟ್ಟಿದನು. ಊರಿಗೆ ಬಂದು ನೋಡಿದರೆ, ಅವನು ಬಿಟ್ಟುಹೋದ ಶಾಲೆಯಲ್ಲಿ ಅವನಿಗಿಂತ ಕಿರಿಯರು ಮುಖ್ಯೋಪಾಧ್ಯಾಯರಾಗಿದ್ದರು. ಹೊರದೇಶದ ಎಂಟು ವರ್ಷಗಳು ಸೇವೆಯ ಲೆಕ್ಕಕ್ಕೆ ಸೇರಲಿಲ್ಲ. ಪಿಂಚಣಿಯ ಮಾತೇ ಇರಲಿಲ್ಲ. ಮನೆಪಾಠ ಹೇಳಿಯೇ ಉಳಿದ ಆಯುಷ್ಯವನ್ನು ಕಳೆದನು. ಏನಾದರೂ ಕೇಳಿದರೆ, ಆಗಲಿ ಎನ್ನುವುದಕ್ಕೆ ಆ ದೇಶದವರ ಹಾಗೆ “ಇಶಿ” ಎನ್ನುವ ಅಭ್ಯಾಸ ಕೊನೆಯವರೆಗೂ ಹೋಗಲಿಲ್ಲ. ಅತ್ತೆಗೆ ಆ ಮಾತು ಕೇಳಿದರೆ ಆಗುತ್ತಿರಲಿಲ್ಲ.

ಹೀಗೆ ಹೇಳುತ್ತಿರುವಾಗ ಹುಡುಗಿಯು, “ಅದೆಲ್ಲ ಟಪಾಲಿನ ಕಾಲ, ಮೇಷ್ಟ್ರೇ. ಈಗ ದಿನವೂ ಮುಖ ನೋಡಿ ಮಾತನಾಡಬಹುದು” ಎಂದಳು. ದಿಟವೇ. ಆದರೆ ಅಜ್ಜಿಗೆ ಗಂಜಿ ಕುಡಿಸುವ ಉಪಾಯ ಆ ಯಂತ್ರದಲ್ಲಿ ಇಲ್ಲವಷ್ಟೆ! ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವಳ ತಂದೆಯೇ ಹೇಳಿದನು, ಹೇಳಿ ತಾನೇ ಕಣ್ಣೊರಸಿಕೊಂಡನು.

ಅವಳು ಹೋಗಬೇಕೆಂದಿರುವುದು ಜಪಾನಿಗೆ. ಆದುದರಿಂದ ಆ ದೇಶದಲ್ಲಿ ಇಂಗ್ಲಿಷ್ ಕಲಿಸಿ ಪ್ರಸಿದ್ಧನಾದ ಲಾಫ್ಕಾಡಿಯೊ ಹರ್ನನ ಕಥೆಯನ್ನು ಅವಳಿಗೆ ಹೇಳಿದೆನು. ತಾಯಿ ಗ್ರೀಕಳು, ತಂದೆ ಐರಿಷಿನವನು. 1890ರಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ಮಾತ್ಸುಯೆ ಎಂಬ ಸಣ್ಣ ಪಟ್ಟಣದ ಶಾಲೆಗೆ ಉಪಾಧ್ಯಾಯನಾಗಿ ಬಂದನು. ಅಲ್ಲಿಯ ಹುಡುಗರನ್ನು ಅವನು ಎಷ್ಟು ಪ್ರೀತಿಸಿದನೆಂಬುದು, ಇಂಗ್ಲಿಷ್ ಉಪಾಧ್ಯಾಯನೊಬ್ಬನ ದಿನಚರಿಯೆಂದು ಅವನು ಬರೆದ ಅಧ್ಯಾಯದಿಂದ ತಿಳಿಯುತ್ತದೆ. ಬಡವಾಗಿದ್ದ ಒಂದು ಸಮುರಾಯಿ ಮನೆತನದ ಸೆತ್ಸು ಎಂಬವಳ ಕೈಹಿಡಿದನು. ಅವಳ ಬಂಧುವರ್ಗವನ್ನೆಲ್ಲ ತನ್ನ ಸಂಬಳದಲ್ಲಿ ಸಾಕಿದನು. ಹೆಂಡತಿ ಹೇಳಿದ ಹಳೆಯ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದುದೇ ಅವನ ಕೀರ್ತಿಯಾಯಿತು. ಆದರೂ ಜಪಾನೀ ಭಾಷೆಯನ್ನು ಓದುವುದು ಅವನಿಗೆ ಚೆನ್ನಾಗಿ ಬರಲೇ ಇಲ್ಲ. ಗಂಡಹೆಂಡಿರು ತಮ್ಮಿಬ್ಬರಿಗೆ ಮಾತ್ರ ತಿಳಿಯುವ ಒಂದು ಮುರುಕು ಭಾಷೆಯಲ್ಲಿ ಬಾಳಿದರು.

1896ರಲ್ಲಿ ಅವನು ಕೊಯಿಜುಮಿ ಯಾಕುಮೊ ಎಂದು ಹೆಸರಿಟ್ಟುಕೊಂಡು ಆ ದೇಶದ ಪ್ರಜೆಯೇ ಆದನು. ಅದೇ ವರ್ಷ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಕೆಲಸವೂ ದೊರೆಯಿತು. 1903ರಲ್ಲಿ ವಿಶ್ವವಿದ್ಯಾಲಯವು ಅವನನ್ನು ಬಿಟ್ಟುಬಿಟ್ಟಿತು. ಆ ಸ್ಥಾನಕ್ಕೆ ಬಂದವರಲ್ಲಿ ಒಬ್ಬನು ನತ್ಸುಮೆ ಸೋಸೆಕಿ, ಸರಕಾರದ ವೆಚ್ಚದಲ್ಲಿ ಎರಡು ವರ್ಷ ಲಂಡನ್ನಿನಲ್ಲಿದ್ದು ಆಗತಾನೇ ಮರಳಿದವನು. ಅವನಾದರೂ ಅಲ್ಲಿ ಕೊಠಡಿಯಲ್ಲಿ ಒಬ್ಬಂಟಿಯಾಗಿ ಕೊರಗಿ ಬಂದವನೇ. ಇದರಲ್ಲಿ ಒಂದು ಮರ್ಮವುಂಟು. ಆ ಸರಕಾರವು ಪರದೇಶೀಯರನ್ನು ಕರೆಯಿಸಿದುದೇ, ಮುಂದೆ ಅವರು ಬೇಡವಾಗುವ ಹಾಗೆ ತನ್ನವರನ್ನು ತಯಾರು ಮಾಡುವುದಕ್ಕೆ. ಅದು ಕೃತಘ್ನತೆಯಲ್ಲ, ಜಾಣತನ. ಆದರೆ ಬೇಡವಾದವನ ಮನೆಯೊಳಗೆ ಅದು ಜಾಣತನವಾಗಿ ತೋರುವುದಿಲ್ಲ. ಹರ್ನನು ಮರುವರ್ಷವೇ ತೀರಿಕೊಂಡನು.

ಈಗಲೂ ಆ ದೇಶದ ಏರ್ಪಾಡಿನಲ್ಲಿ ಈ ಗುಣ ಉಳಿದಿದೆ. 1987ರಲ್ಲಿ ಜಪಾನ್ ಸರಕಾರವು ಆರಂಭಿಸಿದ ಜೆಟ್ ಎಂಬ ಯೋಜನೆಯಲ್ಲಿ ಒಂದೊಂದು ವರ್ಷದ ಕರಾರು. ಹೆಚ್ಚೆಂದರೆ ಐದು ವರ್ಷ. ಖಾಸಗಿ ಸಂಸ್ಥೆಗಳ ಮೂಲಕ ಹೋಗುವವರಿಗೆ ಆ ಭದ್ರತೆಯೂ ಇಲ್ಲ. 2007ರಲ್ಲಿ ನೋವಾ ಎಂಬ ಭಾರಿ ಭಾಷಾಶಾಲೆ ದಿವಾಳಿಯೆದ್ದಾಗ ಸಾವಿರಾರು ಪರದೇಶೀ ಉಪಾಧ್ಯಾಯರು ಸಂಬಳವಿಲ್ಲದೆ ನಿಂತರು. ಚೀನಾದಲ್ಲಿ 2021ರ ಒಂದು ಸರಕಾರಿ ಆಜ್ಞೆಯಿಂದ ಮನೆಪಾಠದ ವ್ಯಾಪಾರವೆಲ್ಲ ಕುಸಿದುಬಿದ್ದಿತು.

ನಮ್ಮವರಿಗೆ ಇನ್ನೊಂದು ಅಡ್ಡಿಯುಂಟು. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ರಹದಾರಿಯು ಸಾಮಾನ್ಯವಾಗಿ ಅಮೆರಿಕ, ಇಂಗ್ಲೆಂಡ್ ಮುಂತಾದ ಏಳು ದೇಶಗಳ ಪ್ರಜೆಗಳಿಗೆ ಮಾತ್ರ. 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಿಂದ ಭಾರತೀಯರಿಗೂ ಒಂದು ಕಿರುಬಾಗಿಲು ತೆರೆದಿದೆ. ಜಪಾನಿನಲ್ಲಿ, ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿಯೇ ಓದಿದುದಕ್ಕೆ ದಾಖಲೆ ಕೇಳುವರು. ನಮ್ಮ ಹುಡುಗಿಗೆ ಅದು ಇದೆ. ಆದರೆ ಶೆಲ್ಲಿ ಕೀಟ್ಸರನ್ನು ಬಾಯಿಪಾಠ ಮಾಡಿದ ನಮ್ಮವನಿಗಿಂತ, ವ್ಯಾಕರಣದ ಗಂಧವಿಲ್ಲದಿದ್ದರೂ ಅಲ್ಲಿ ಹುಟ್ಟಿದವನೇ ಮೇಲೆಂಬ ಭಾವನೆಯನ್ನು ಅವಳು ಎಲ್ಲಿ ಹೋದರೂ ಎದುರಿಸಬೇಕಾದೀತು. ಪಾಣಿನಿಯು ಹುಟ್ಟಿದ ಊರಿನವನೇ ಸಂಸ್ಕೃತ ಕಲಿಸಬೇಕೆಂದಿದ್ದರೆ ನನ್ನಂಥವನ ಹೊಟ್ಟೆ ಹೊರೆಯುತ್ತಿದ್ದುದು ಹೇಗೆ?

ಒಂದು ಮಾತನ್ನು ಇಲ್ಲಿ ಹೇಳದೆ ಬಿಡಲಾರೆನು. ಐರ್ಲೆಂಡಿನ ಜೇಮ್ಸ್ ಕಸಿನ್ಸರು ಮದನಪಲ್ಲಿಯಲ್ಲಿಯೂ, 1919-20ರಲ್ಲಿ ಟೋಕಿಯೋದ ಕೇಯೊ ವಿಶ್ವವಿದ್ಯಾಲಯದಲ್ಲಿಯೂ ಉಪಾಧ್ಯಾಯರಾಗಿದ್ದವರು. 1924ರಲ್ಲಿ ಮೈಸೂರಿಗೆ ಬಂದಾಗ, ತರುಣ ಕುವೆಂಪು ತಂದು ತೋರಿಸಿದ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಬಾರದೇಕೆ ಎಂದು ಕೇಳಿದರು. ಪರದೇಶದ ಇಂಗ್ಲಿಷ್ ಮೇಷ್ಟರೊಬ್ಬರು ಕನ್ನಡಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಮಾಡಿದುದನ್ನು ನಾನು ಕಾಣೆನು. ನಮ್ಮ ಹುಡುಗಿಯೂ ಅಲ್ಲಿ ಯಾವನಾದರೂ ಹುಡುಗನಿಗೆ ಅಂಥ ಒಂದು ಮಾತು ಹೇಳಿಯಾಳು.

ಕೊನೆಗೆ ಕರಾರುಪತ್ರವನ್ನು ತರಿಸಿ, ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದೆನು. ಆಗಸ್ಟ್ ತಿಂಗಳ ರಜೆಯಲ್ಲಿ ಪೂರ್ಣ ಸಂಬಳ ಕೊಡುವರೋ ಇಲ್ಲವೋ ಎಂಬುದು ಅದರಲ್ಲಿ ಸ್ಪಷ್ಟವಾಗಿಲ್ಲ. ಮನೆ ಬಾಡಿಗೆಗೆ ಹಿಡಿಯುವಾಗ ಅಲ್ಲಿ ಮುಂಗಡವಲ್ಲದೆ ಮನೆಯೊಡೆಯನಿಗೆ ಮರಳಿ ಬಾರದ ಕಾಣಿಕೆಯನ್ನೂ ಅನೇಕ ಕಡೆ ಸಲ್ಲಿಸಬೇಕು, ಜಾಮೀನೂ ಬೇಕು. ಇದನ್ನು ಯಾರು ಭರಿಸುವರೆಂಬ ಮಾತೇ ಇಲ್ಲ. ಪಿಂಚಣಿಗೆ ಹಣ ಕಟ್ಟಿಸಿಕೊಂಡಲ್ಲಿ, ದೇಶ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿ ಅದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಪಡೆಯಬಹುದು. ಆದರೆ ಕಟ್ಟುವರೋ ಇಲ್ಲವೋ ಎಂಬುದನ್ನು ಮೊದಲೇ ಕೇಳಬೇಕು. ಇಲ್ಲಿಯ ದಲಾಳಿಯು 1983ರ ವಲಸೆ ಕಾನೂನಿನಂತೆ ದಾಖಲಾದವನೇ ಎಂಬುದನ್ನೂ ವಿಚಾರಿಸಬೇಕು. ಸಾರಿಗೆ ಹಾಕುವ ಒಣಮೀನಿನ ವಿಷಯವನ್ನೂ ತಿಳಿಸಿದೆನು. ಕಾಯಿಪಲ್ಯದ ಸಾರೆಂದು ಕೊಟ್ಟರೂ ಅದು ಒಳಗೆ ಇರಬಹುದು. ಹುಡುಗಿ ನಕ್ಕು, “ಅವಲಕ್ಕಿ ಒಯ್ಯುತ್ತೇನೆ” ಎಂದಳು.

ನನ್ನ ಅಭಿಪ್ರಾಯವನ್ನು ಕೇಳಿದ್ದರಿಂದ ಹೇಳಿದೆನು: ಹೋಗಲಿ; ಎರಡು ವರ್ಷಕ್ಕೆ ಹೋಗಲಿ, ಎಂಟಕ್ಕಲ್ಲ. ಸಾಲ ತೀರುವಷ್ಟು ದುಡಿದು, ಇಲ್ಲಿಯ ಸರಕಾರಿ ಶಾಲೆಗಳ ನೇಮಕದ ವಯೋಮಿತಿ ಮೀರುವ ಮುನ್ನ ಹಿಂದಿರುಗಲಿ. ಅಜ್ಜಿಯ ವಿಷಯದಲ್ಲಿ ನನಗೆ ಉತ್ತರ ತಿಳಿಯಲಿಲ್ಲ. ತಂದೆಯು ಬಹಳ ಹೊತ್ತು ಸುಮ್ಮನಿದ್ದು, “ಗಂಜಿ ನಾನೇ ಕುಡಿಸಿ ನೋಡುತ್ತೇನೆ ಮೇಷ್ಟ್ರೇ, ಹೇಗಿದ್ದರೂ ನನ್ನ ತಾಯಿಯಲ್ಲವೆ” ಎಂದನು.

ನಮ್ಮ ಅತ್ತೆಗೆ ಈಗ ಎಂಬತ್ತನಾಲ್ಕು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದವಳು, ಹುಡುಗಿಯನ್ನು ಕರೆದು ಕುಂಕುಮವಿಟ್ಟು, ಹೋಗುವ ಮೊದಲು ಅಜ್ಜಿಯ ಹತ್ತಿರ ಒಂದು ವಾರವಾದರೂ ಮಲಗಬೇಕೆಂದು ಹೇಳಿ ಕಳುಹಿಸಿದಳು. ಕರಾರಿನ ಸಂದೇಹಗಳನ್ನು ಬರೆದು ಸಂಸ್ಥೆಗೆ ಕಳುಹಿಸಿದ್ದಾಗಿದೆ. ಉತ್ತರ ಬಂದರೆ ಮುಂದಿನ ತಿಂಗಳು ವಾಚಕರಿಗೆ ತಿಳಿಸುವೆನು.