ಎರವಲು ನೆನಪು

ಸಣ್ಣ ಅಡುಗೆಮನೆಯ ಗೃಹಿಣಿ ಸಾಮಾನುಗಳನ್ನೆಲ್ಲ ಒಲೆಯ ಬಳಿಯೇ ಹರಡಿಕೊಳ್ಳುವುದಿಲ್ಲ. ಈಗ ಬೇಕಾದುದು ಕೈಗೆಟಕುವಲ್ಲಿ, ಉಳಿದುದು ಉಗ್ರಾಣದಲ್ಲಿ. ಗಣಕಯಂತ್ರದ ಸಂಸಾರವೂ ಹೀಗೆಯೇ. ಅದರ ಚುರುಕು ನೆನಪು, ಅಂದರೆ ರ್‍ಯಾಮ್, ಕಿರಿದು. ಡಿಸ್ಕು ವಿಶಾಲ, ಆದರೆ ನಿಧಾನ. ನೆನಪು ತುಂಬಿದಾಗ ಸದ್ಯಕ್ಕೆ ಬೇಡದ ಪುಟಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುವ ಮನೆವಾರ್ತೆ ಆಪರೇಟಿಂಗ್ ಸಿಸ್ಟಂನದು. ಇದಕ್ಕಾಗಿ ಮೀಸಲಿಟ್ಟ ಸ್ಥಳವೇ 'ಸ್ವಾಪ್'.

ಈ ಉಪಾಯ ಹೊಸದೇನಲ್ಲ. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಉದ್ಘಾಟನೆಗೊಂಡ 'ಅಟ್ಲಾಸ್' ಯಂತ್ರದಲ್ಲಿ ಟಾಮ್ ಕಿಲ್‌ಬರ್ನ್ ಹಾಗೂ ಸಂಗಡಿಗರು ಇದೇ ತತ್ತ್ವವನ್ನು ಅಳವಡಿಸಿದ್ದರು. ಅದರ ಮುಖ್ಯ ನೆನಪಿನಲ್ಲಿ 16,384 ಪದಗಳಿಗಷ್ಟೇ ಎಡೆ. ತಿರುಗುವ ಕಾಂತೀಯ ಪೀಪಾಯಿಗಳಲ್ಲಿ 98,304 ಪದಗಳಿಗೆ. 512 ಪದಗಳ ಒಂದೊಂದು ಪುಟವನ್ನು ಯಂತ್ರ ತಾನಾಗಿಯೇ ಅತ್ತಿತ್ತ ಸಾಗಿಸುತ್ತಿತ್ತು. ಪ್ರೋಗ್ರಾಂ ಬರೆಯುವವನಿಗೆ ಎರಡೂ ಸೇರಿ ಒಂದೇ ಭಂಡಾರದಂತೆ ತೋರುತ್ತಿದ್ದವು. ಆ ಭಾರಿ ಪೀಪಾಯಿಗಳನ್ನು ನಡುವೆ ಯಾರೂ ಕಿತ್ತುಕೊಂಡು ಹೋಗುವಂತಿರಲಿಲ್ಲ.

ಇಂದಾದರೋ ಉಗ್ರಾಣವೇ ಜೇಬಿನಲ್ಲಿ ಓಡಾಡುತ್ತದೆ! ಲಿನಕ್ಸ್ ಯಂತ್ರದಲ್ಲಿ ಪೆನ್ ಡ್ರೈವನ್ನು ಸ್ವಾಪ್ ಆಗಿ ಬಳಸುತ್ತಿರುವಾಗ ಮನೆಯ ಹುಡುಗ ಅದನ್ನು ಫಕ್ಕನೆ ಕಿತ್ತರೆ ಗತಿಯೇನು? ಅಲ್ಲಿ ಸಿಕ್ಕಿಕೊಂಡ ಪುಟವನ್ನು ಕೇಳಿದ ಪ್ರೋಗ್ರಾಂ ಕೇಳಿದಲ್ಲಿಯೇ ಅಸುನೀಗುತ್ತದೆ. ಉಳಿಸದಿದ್ದ ಬರಹವೂ ಅದರೊಡನೆ ಸಹಗಮನ ಮಾಡುತ್ತದೆ. ಆದುದರಿಂದ ಕೀಳುವ ಮುನ್ನ 'ಸ್ವಾಪ್‌ಆಫ್' ಆಜ್ಞೆಯಿತ್ತು ಪುಟಗಳನ್ನೆಲ್ಲ ಹಿಂದಕ್ಕೆ ಕರೆಸಿಕೊಳ್ಳಬೇಕು.

ಮೈಕ್ರೋಸಾಫ್ಟ್ ಸಂಸ್ಥೆ 2007ರಲ್ಲಿ ಮಾರುಕಟ್ಟೆಗೆ ತಂದ ವಿಂಡೋಸ್ ವಿಸ್ಟಾದ 'ರೆಡಿಬೂಸ್ಟ್' ಬೇರೊಂದು ಜಾಣ್ಮೆ ತೋರಿತು. ಪೆನ್ ಡ್ರೈವಿನ ನೆರವನ್ನು ಅದು ಪಡೆಯಿತು, ಆದರೆ ನೆಚ್ಚಿ ಕೂರಲಿಲ್ಲ. ಅಲ್ಲಿಟ್ಟುದು ನಕಲು ಮಾತ್ರ, ಅದೂ ಗೂಢಲಿಪಿಯಲ್ಲಿ. ಮೂಲ ಒಳಗಿನ ಡಿಸ್ಕಿನಲ್ಲಿಯೇ ಭದ್ರ. ಕಿತ್ತರೆ ವೇಗ ಕುಗ್ಗೀತೇ ಹೊರತು ಮಾಹಿತಿ ಕಳೆಯದು.

ಸ್ವಾಪ್ ಗೊಡವೆಯೇ ಇಲ್ಲದವರಿಗೂ ಇದರಲ್ಲೊಂದು ಪಾಠವುಂಟು. ಮಗಳ ಮದುವೆಯ ಚಿತ್ರಗಳನ್ನು ಪೆನ್ ಡ್ರೈವಿಗೆ ಇಳಿಸುವಾಗ 'ಮುಗಿಯಿತು' ಎಂದು ಪರದೆ ಸಾರಿದರೂ, ಕೊನೆಯ ಕೆಲವು ಚಿತ್ರಗಳು ಇನ್ನೂ ಚುರುಕು ನೆನಪಿನಲ್ಲಿಯೇ ಸರದಿ ಕಾಯುತ್ತಿರಬಹುದು. ಈ ಅಪಾಯವನ್ನು ತಗ್ಗಿಸಲೆಂದೇ 2018ರಿಂದ ವಿಂಡೋಸ್ 10, ಹೊರಗಿನ ಡಿಸ್ಕುಗಳಿಗೆ ವೇಗಕ್ಕಿಂತ ಸುಲಭ ಬೇರ್ಪಡಿಕೆಯನ್ನೇ ರೂಢಿಯ ಕ್ರಮವಾಗಿಸಿತು. ಆದರೂ ಬರೆಯುವ ಕೆಲಸ ನಡೆದಿರುವಾಗ ಕಿತ್ತರೆ ಯಾವ ಏರ್ಪಾಡೂ ಕಾಯಲಾರದು. ಸುರಕ್ಷಿತವಾಗಿ ಹೊರತೆಗೆಯುವ ಆಜ್ಞೆಯನ್ನು ಕೊಟ್ಟು ಅರೆಗಳಿಗೆ ಕಾಯುವುದೇ ಲೇಸು. ಮದುವೆಯ ಚಿತ್ರ ಕಳೆದರೆ, ಮದುವೆಯನ್ನು ಮತ್ತೊಮ್ಮೆ ಮಾಡಿಸಲಾದೀತೆ?